ಅಳತೆಗೋಲು ಯಾರದು? ಪ್ರವಾಸ ಕಥನದಲ್ಲಿ ಸ್ವಂತ ದನಿ

ಅಧ್ಯಯನ ಪ್ರವಾಸ ಮುಗಿಸಿ ಬಂದ ವಿದ್ಯಾರ್ಥಿಗಳ ಬರಹಗಳಲ್ಲಿ ಬಹುಪಾಲು ಒಂದೇ ಬಗೆಯಲ್ಲಿ ಆರಂಭವಾಗುತ್ತವೆ. ಬಸ್ಸು ಒಂದು ಗಂಟೆ ತಡವಾಗಿ ಹೊರಡುತ್ತದೆ. ಹಾಡು, ಕುಣಿತ, ಅಂತ್ಯಾಕ್ಷರಿಗಳಲ್ಲಿ ರಾತ್ರಿ ಕಳೆಯುತ್ತದೆ. ಬೆಳಗಾಗುವಾಗ ಹಂಪಿಯೋ ಬೇಲೂರೋ ಬಾದಾಮಿಯೋ ಎದುರಾಗುತ್ತದೆ. ಅಲ್ಲಿಂದ ಮುಂದೆ ಶಿಲ್ಪಕಲೆ ಕಣ್ಮನ ಸೆಳೆಯುತ್ತದೆ, ಗತವೈಭವ ಕಣ್ಣ ಮುಂದೆ ಸುಳಿಯುತ್ತದೆ, ಕೊನೆಗೆ ಪ್ರವಾಸವು ಮರೆಯಲಾಗದ ಅನುಭವವಾಗಿ ಮುಗಿಯುತ್ತದೆ. ಈ ವಾಕ್ಯಗಳಲ್ಲಿ ವ್ಯಾಕರಣದ ತಪ್ಪಿಲ್ಲ, ಸುಳ್ಳೂ ಇಲ್ಲ. ಆದರೆ ಬರೆದವರ ಹೆಸರನ್ನು ಮರೆಮಾಡಿ ಐದು ಬರಹಗಳನ್ನು ಒಟ್ಟಿಗೆ ಇಟ್ಟರೆ ಯಾವುದು ಯಾರದೆಂದು ಗುರುತಿಸುವುದು ಸಹಪಾಠಿಗಳಿಗೂ ಕಷ್ಟ. ಪ್ರವಾಸಕ್ಕೆ ಹೋದವರು ಐವರು. ಬರಹದಲ್ಲಿ ಹೋಗಿಬಂದವರು ಯಾರೂ ಇಲ್ಲ.

ಈ ಕೊರತೆಗೆ ವಿಮರ್ಶಕರು ಕೊಡುವ ಹೆಸರು ‘ಸ್ವಂತ ದನಿ ಇಲ್ಲದಿರುವುದು’ ಎಂದು. ಇಲ್ಲಿ ದನಿ ಎಂದರೆ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಹೇಳಿದ ವ್ಯಂಗ್ಯಾರ್ಥವಲ್ಲ, ಬರಹದೊಳಗಿಂದ ಕೇಳಿಸುವ ಒಬ್ಬ ವ್ಯಕ್ತಿಯ ಸ್ವರ. ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹತ್ತಿರದ ವಿಚಾರವೊಂದು ಕುಂತಕನಲ್ಲಿದೆ. ವೈದರ್ಭೀ, ಗೌಡೀ, ಪಾಂಚಾಲೀ ಎಂದು ದೇಶಗಳ ಹೆಸರಿನಲ್ಲಿ ಬರವಣಿಗೆಯ ರೀತಿಗಳನ್ನು ವಿಂಗಡಿಸುವುದನ್ನು ಆತ ಒಪ್ಪಲಿಲ್ಲ. ಶೈಲಿಯ ಭೇದಕ್ಕೆ ಕವಿಸ್ವಭಾವವೇ ಮೂಲವೆಂದು ‘ವಕ್ರೋಕ್ತಿಜೀವಿತ’ದಲ್ಲಿ ವಾದಿಸಿದ. ದೇಶದಿಂದ ದೇಶಕ್ಕೆ ನಡೆಯುವ ಪ್ರವಾಸ ಕಥನಕ್ಕೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ನೋಡಿದ ಊರು ಎಷ್ಟೇ ದೊಡ್ಡದಾಗಿದ್ದರೂ ಅದು ಬರಹಕ್ಕೆ ದನಿಯನ್ನು ಕೊಡಲಾರದು. ನೋಡಿದವರ ಸ್ವಭಾವ ಅದನ್ನು ಕೊಡಬೇಕು.

ಒಂದು ದೇಶ, ನಾಲ್ಕು ಶೀರ್ಷಿಕೆಗಳು

ಕನ್ನಡದಲ್ಲಿ ಅಮೆರಿಕವನ್ನು ಕುರಿತ ಪ್ರವಾಸ ಕಥನಗಳು ಹಲವು. ಅವುಗಳಲ್ಲಿ ನಾಲ್ಕನ್ನು ಆಯ್ದು ಶೀರ್ಷಿಕೆಗಳನ್ನಷ್ಟೇ ಓದಿದರೂ ಸ್ವಂತ ದನಿ ಎಂದರೇನು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಪುಸ್ತಕ ‘ಅಮೆರಿಕದಲ್ಲಿ ಗೊರೂರು’. ಎ.ಎನ್. ಮೂರ್ತಿರಾಯರದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ಬಿ.ಜಿ.ಎಲ್. ಸ್ವಾಮಿಯವರದು ‘ಅಮೆರಿಕದಲ್ಲಿ ನಾನು’. ಕೃಷ್ಣಾನಂದ ಕಾಮತರದು ‘ನಾನೂ ಅಮೆರಿಕೆಗೆ ಹೋಗಿದ್ದೆ’.

ಮೊದಲನೆಯ ಶೀರ್ಷಿಕೆಯಲ್ಲಿ ಗೊರೂರು ಎಂಬುದು ಲೇಖಕರ ಹೆಸರೂ ಹೌದು, ಹೇಮಾವತಿಯ ದಡದ ಅವರ ಹಳ್ಳಿಯ ಹೆಸರೂ ಹೌದು. ‘ಹಳ್ಳಿಯ ಚಿತ್ರಗಳು’ ಬರೆದ ಈ ಪ್ರಬಂಧಕಾರರು ಇಳಿವಯಸ್ಸಿನಲ್ಲಿ ಸಮುದ್ರ ದಾಟಿದಾಗ ಅವರೊಡನೆ ಇಡೀ ಊರು ವಿಮಾನ ಹತ್ತಿತೆಂಬ ಸೂಚನೆ ಆ ಒಂದು ಪದದಲ್ಲಿದೆ. ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮೂರ್ತಿರಾಯರು ಹೆಸರಿನ ಬದಲು ವಯಸ್ಸನ್ನು ಮುಂದಿಟ್ಟಿದ್ದಾರೆ. ‘ಇದು ಮುದುಕನ ಕಣ್ಣು, ಇದರ ಆಯಾಸವನ್ನೂ ನಿಧಾನವನ್ನೂ ಸಹಿಸಿಕೊಳ್ಳಿ’ ಎಂದು ಓದುಗರೊಡನೆ ಮೊದಲೇ ಒಪ್ಪಂದ ಮಾಡಿಕೊಂಡಂತಿದೆ. ಸ್ವಾಮಿಯವರು ಸಸ್ಯವಿಜ್ಞಾನದ ಸಂಶೋಧನೆಗಾಗಿ ಹೋದವರು. ಅವರ ಶೀರ್ಷಿಕೆಯಲ್ಲಿ ವಿಶೇಷಣವೇ ಇಲ್ಲ, ಕೊನೆಯಲ್ಲಿ ನಿಂತ ‘ನಾನು’ ಮಾತ್ರ.

ನಾಲ್ಕನೆಯ ಶೀರ್ಷಿಕೆಯ ಗುಟ್ಟು ಒಂದು ದೀರ್ಘದಲ್ಲಿದೆ. ‘ನಾನು’ ಎಂಬುದು ‘ನಾನೂ’ ಆದಾಗ ಅರ್ಥವೇ ತಿರುಗುತ್ತದೆ. ಅಮೆರಿಕಕ್ಕೆ ಹೋಗಿಬರುವುದು ಪ್ರತಿಷ್ಠೆಯ ಸಂಗತಿಯಾಗಿದ್ದ ಕಾಲದಲ್ಲಿ, 1969ರಲ್ಲಿ, ಈ ಪುಸ್ತಕ ಬಂತು. ಹೋಗಿಬಂದವರ ಸಾಲಿನ ಕೊನೆಯಲ್ಲಿ ನಿಂತು ಸಣ್ಣಗೆ ನಕ್ಕಂತೆ ಆ ‘ನಾನೂ’ ಕೇಳಿಸುತ್ತದೆ. ಅದರಲ್ಲಿ ವಿನಯವಿದೆ, ವಿನಯದ ಮರೆಯಲ್ಲಿ ಕುಚೋದ್ಯವೂ ಇದೆ. ಒಂದು ಅಕ್ಷರದ ಕಾಲಮಾನ ಹೆಚ್ಚಾದುದರಿಂದ ಒಬ್ಬ ವ್ಯಕ್ತಿ ಎದುರಿಗೆ ಬಂದು ನಿಲ್ಲುತ್ತಾನೆ.

ನಾಲ್ವರೂ ಕಂಡ ದೇಶ ಒಂದೇ. ಆದರೆ ಒಬ್ಬರು ಹಳ್ಳಿಯಿಂದ, ಒಬ್ಬರು ವಯಸ್ಸಿನಿಂದ, ಒಬ್ಬರು ತಾನೆಂಬ ನೇರ ನಿಲುವಿನಿಂದ, ಒಬ್ಬರು ಸಾಲಿನ ಕೊನೆಯ ಜಾಗದಿಂದ ಅದನ್ನು ನೋಡಿದರು. ಎಲ್ಲಿ ನಿಂತು ನೋಡುತ್ತಿದ್ದೇವೆಂಬುದನ್ನು ಅರಿತು, ಅದನ್ನು ಓದುಗರಿಗೆ ಮರೆಮಾಚದೆ ತಿಳಿಸುವುದೇ ಸ್ವಂತ ದನಿಯ ಮೊದಲ ಲಕ್ಷಣ.

‘ನಾನು’ ಎಂದ ಮಾತ್ರಕ್ಕೆ

ಹಾಗಾದರೆ ಉತ್ತಮ ಪುರುಷದಲ್ಲಿ ಬರೆದರೆ ಸಾಕೇ? ಸಾಲದೆಂಬುದಕ್ಕೆ ಕಾಸರಗೋಡಿನ ನೆಲದ ಮೇಲೆಯೇ ಹಾದುಹೋದ ಒಂದು ಪ್ರವಾಸ ಸಾಕ್ಷಿಯಾಗಿದೆ. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರ ಏಪ್ರಿಲ್‌ನಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟ. ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳ ಕೃಷಿ, ಕೈಗಾರಿಕೆ, ವ್ಯಾಪಾರಗಳ ಸ್ಥಿತಿಯನ್ನು ವರದಿ ಮಾಡುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಆಜ್ಞಾಪಿಸಿದ್ದ. ಮಲಬಾರಿನಿಂದ ಉತ್ತರಕ್ಕೆ ನಡೆದು 1801ರ ಜನವರಿಯಲ್ಲಿ ಅವನು ಹೊಸದುರ್ಗ, ಬೇಕಲ, ಕುಂಬಳೆ, ಮಂಜೇಶ್ವರಗಳನ್ನು ದಾಟಿ ಮಂಗಳೂರಿನತ್ತ ಸಾಗಿದ. ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು.

ಬುಕಾನನ್ನನ ಬರಹದಲ್ಲಿ ‘ನಾನು’ ಧಾರಾಳವಾಗಿದೆ. ನಡೆದದ್ದು, ಕೇಳಿದ್ದು, ನೋಡಿದ್ದು ಎಲ್ಲವೂ ತಾರೀಖಿನ ಸಮೇತ ಇದೆ. ಇತಿಹಾಸಕಾರರಿಗೆ ಅದು ಬೆಲೆಯುಳ್ಳ ಆಕರ. ಆದರೆ ಗದ್ದೆಯನ್ನು ಕಂಡಾಗ ಅವನು ಇಳುವರಿಯನ್ನು ಕೇಳುತ್ತಾನೆ, ತೋಟವನ್ನು ಕಂಡಾಗ ಗೇಣಿಯನ್ನು ಕೇಳುತ್ತಾನೆ. ಅಳತೆಗೋಲು ಅವನದಲ್ಲ, ಅವನನ್ನು ಕಳುಹಿಸಿದ ಕಂಪನಿಯದು. ಹೀಗಾಗಿ ಪುಟಪುಟದಲ್ಲೂ ‘ನಾನು’ ಇದ್ದರೂ ಹೆಚ್ಚಾಗಿ ಕೇಳಿಸುವುದು ಕಚೇರಿಯ ದನಿ.

ಅಧ್ಯಯನ ಪ್ರವಾಸದ ಬರಹಗಳಿಗೂ ಇಂತಹ ಕಾಣದ ಯಜಮಾನರಿರುತ್ತಾರೆ. ಮಾರ್ಗದರ್ಶಿಯ ಕಂಠಪಾಠ, ಪುರಾತತ್ವ ಇಲಾಖೆಯ ಫಲಕ, ಶಾಲಾ ಪ್ರಬಂಧದ ಹಳೆಯ ಅಭ್ಯಾಸ, ಅಂಕ ಕೊಡುವವರು ಏನನ್ನು ಮೆಚ್ಚುವರೆಂಬ ಊಹೆ, ಇವೆಲ್ಲ ವಿದ್ಯಾರ್ಥಿಯ ಕೈಗೆ ಅವರವರ ಅಳತೆಗೋಲನ್ನು ಕೊಟ್ಟು ಕಳುಹಿಸುತ್ತವೆ. ಅದರಿಂದ ಅಳೆದ ಹಂಪಿ ಎಲ್ಲರಿಗೂ ಒಂದೇ ಉದ್ದ, ಒಂದೇ ಅಗಲ.

ಮುರಕಲ್ಲಿನ ನಾಡಿನಿಂದ ಹಂಪಿಗೆ

ಬದಿಯಡ್ಕದ ಕಡೆಯ ಕೃಷಿಕ ಮನೆತನದ ವಿದ್ಯಾರ್ಥಿನಿಯೊಬ್ಬಳು ಹಂಪಿಗೆ ಹೋಗಿಬಂದಳೆಂದು ಭಾವಿಸಬಹುದು. ಅವಳ ಮೊದಲ ಕರಡು ಹೀಗಿರಬಹುದು:

“ಅನಂತರ ನಾವು ರಾಜಾಂಗಣವನ್ನು ನೋಡಿದೆವು. ಅಲ್ಲಿನ ಸುಂದರವಾದ ಪುಷ್ಕರಣಿ ಎಲ್ಲರ ಮನಸೂರೆಗೊಂಡಿತು. ವಿಜಯನಗರದ ಅರಸರ ಕಾಲದ ನೀರಾವರಿ ವ್ಯವಸ್ಥೆಯನ್ನು ಕಂಡು ಬೆರಗಾದೆವು.”

ಇದೇ ವಿದ್ಯಾರ್ಥಿನಿ ತಾನು ಎಲ್ಲಿಂದ ಬಂದವಳೆಂಬುದನ್ನು ನೆನೆದು ಮತ್ತೆ ಬರೆದರೆ ಹೀಗಾಗಬಹುದು:

“ಪುಷ್ಕರಣಿಯ ಬಳಿ ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನಾನು ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ಕಾಲುವೆಯ ಹಿಂದೆ ನಡೆದೆ. ಕಂಬಗಳ ಮೇಲೆ ಸಾಲಾಗಿ ಇಟ್ಟ ಕಲ್ಲಿನ ದಂಬೆಗಳು. ನಮ್ಮಲ್ಲಿ ಅಡಿಕೆ ಮರವನ್ನು ಸೀಳಿ ಒಳಗಿನ ತಿರುಳು ತೆಗೆದು ದಂಬೆ ಮಾಡುತ್ತಿದ್ದರು ಎಂದು ಅಜ್ಜ ಹೇಳುವುದುಂಟು. ಮನೆಯ ಹಿಂದಿನ ಗುಡ್ಡದಲ್ಲಿ ಅವರು ತೋಡಿಸಿದ ಸುರಂಗವಿದೆ. ಮುರಕಲ್ಲನ್ನು ಅಡ್ಡಕ್ಕೆ ಕೊರೆಯುತ್ತ ನೀರು ಒಸರುವವರೆಗೆ ಒಳಗೆ ಹೋಗಿದ್ದಾರೆ. ಆ ನೀರು ಪಂಪಿಲ್ಲದೆ ತಾನಾಗಿಯೇ ತೋಟಕ್ಕೆ ಬರುತ್ತದೆ. ಇಲ್ಲಿ ಅರಸನಿಗೂ ನೀರು ಇಳಿಜಾರನ್ನು ಹುಡುಕಿಯೇ ಬರಬೇಕಾಯಿತು. ಬೆರಳಿನಿಂದ ಕಾಲುವೆಯ ಒಳಗನ್ನು ಮುಟ್ಟಿದೆ. ಒಣಗಿತ್ತು.”

ಎರಡನೆಯ ಕರಡಿನಲ್ಲಿ ‘ಸುಂದರ’, ‘ಬೆರಗು’ ಎಂಬ ಪದಗಳಿಲ್ಲ. ಆದರೂ ಬೆರಗು ಓದುಗರಿಗೆ ತಲುಪುತ್ತದೆ. ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು.

ಒಂದನೆಯದು ಆಯ್ಕೆ. ಎಲ್ಲರೂ ಪುಷ್ಕರಣಿಯನ್ನು ನೋಡುವಾಗ ಇವಳು ಕಾಲುವೆಯನ್ನು ನೋಡಿದಳು. ನೀರಿಗಾಗಿ ಗುಡ್ಡ ಕೊರೆದ ಮನೆಯಿಂದ ಬಂದವಳಾದ್ದರಿಂದ ಅವಳ ಕಣ್ಣು ತಾನಾಗಿ ಅತ್ತ ಹರಿಯಿತು. ಹೀಗೆ ತಾನಾಗಿ ಹರಿಯುವ ಗಮನವನ್ನು ನಂಬುವುದೇ ಬರವಣಿಗೆಯ ಮೊದಲ ಧೈರ್ಯ.

ಎರಡನೆಯದು ಅಳತೆಗೋಲು. ಕಾಸರಗೋಡಿನ ಗುಡ್ಡಗಳೂ ಬೇಕಲದ ಕೋಟೆಯೂ ಮುರಕಲ್ಲಿನವು. ಮಳೆಗೆ ಪಾಚಿ ಕಟ್ಟಿ ಕಪ್ಪಾಗುವ, ಕೊಡಲಿಯ ಪೆಟ್ಟಿಗೆ ಬಿಟ್ಟುಕೊಡುವ ಕಲ್ಲು ಅದು. ಹಂಪಿಯದು ಬಿಸಿಲಿಗೆ ಕಾಯುವ ಗಟ್ಟಿ ಬಂಡೆಗಲ್ಲು. ಮುರಕಲ್ಲನ್ನು ಬಲ್ಲವರಿಗೆ ಹಂಪಿಯ ಕಲ್ಲು ಮೊದಲ ನೋಟದಲ್ಲೇ ಬೇರೆಯಾಗಿ ಕಾಣುತ್ತದೆ. ಆ ವ್ಯತ್ಯಾಸವನ್ನು ಬಳ್ಳಾರಿಯ ವಿದ್ಯಾರ್ಥಿ ಬರೆಯಲಾರ, ಕಾಸರಗೋಡಿನವರು ಮಾತ್ರ ಬರೆಯಬಲ್ಲರು.

ಮೂರನೆಯದು ಮಾತು. ‘ದಂಬೆ’ ಎಂಬ ಪದವನ್ನು ಬರೆಯುವಾಗ ವಿದ್ಯಾರ್ಥಿನಿಗೆ ಅಳುಕು ಆಗಿರಬಹುದು. ಪಠ್ಯಪುಸ್ತಕದ ಕನ್ನಡದಲ್ಲಿ ಅದು ಕಂಡಿರದು. ಹವ್ಯಕ ಕನ್ನಡ, ಕೋಟ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿಗಳ ನಡುವೆ ಬೆಳೆದ ಗಡಿನಾಡಿನ ವಿದ್ಯಾರ್ಥಿಗಳು ‘ಶುದ್ಧ’ವಾಗಿ ಬರೆಯುವ ಆತುರದಲ್ಲಿ ಮನೆಯ ಪದಗಳನ್ನು ಹೊರಗಿಟ್ಟು ಬರುತ್ತಾರೆ. ಅವುಗಳೊಡನೆ ಮನೆಯ ಕಣ್ಣೂ ಹೊರಗುಳಿಯುತ್ತದೆ. ಪ್ರಾದೇಶಿಕ ಪದವನ್ನು ಬಳಸುವಾಗ ಅದರ ಅರ್ಥ ವಾಕ್ಯದಲ್ಲೇ ಹೊಳೆಯುವಂತೆ ಮಾಡಿದರೆ ಸಾಕು. ಮೇಲಿನ ಕರಡಿನಲ್ಲಿ ಅಡಿಕೆ ಮರವನ್ನು ಸೀಳುವ ವಿವರವೇ ಆ ಕೆಲಸವನ್ನು ಮಾಡಿದೆ.

ಚಹಾದಂಗಡಿಯ ಒಂದು ಮಾತು

ಸ್ವಂತ ದನಿಗೆ ನಿಜವಾದ ಪರೀಕ್ಷೆ ಎದುರಾಗುವುದು ಕಲ್ಲಿನ ಮುಂದಲ್ಲ, ಮನುಷ್ಯರ ಮುಂದೆ. ಅದೇ ವಿದ್ಯಾರ್ಥಿನಿ ಗೆಳತಿಯರೊಡನೆ ಹಂಪಿಯ ಚಹಾದಂಗಡಿಯಲ್ಲಿ ಕುಳಿತಿದ್ದಾಳೆ. ಹೊರಗೆ ನಿಂತ ಬಸ್ಸಿನ ಮೇಲೆ ಕೆ.ಎಲ್. 14 ಎಂಬ ಸಂಖ್ಯೆ. ಅಂಗಡಿಯ ಅಮ್ಮ ಅಕ್ಕರೆಯಿಂದ ಹೇಳುತ್ತಾರೆ: “ಕೇರಳದವರಾದ್ರೂ ಕನ್ನಡ ಎಷ್ಟು ಚಂದ ಮಾತಾಡ್ತೀರವ್ವ! ಎಲ್ಲಿ ಕಲ್ತ್ರಿ?”

ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಮಡಕಶಿರಾ, ಹೀಗೆ ಎಲ್ಲಿಯ ಕನ್ನಡಿಗರಿಗೂ ಈ ಪ್ರಶ್ನೆ ಹೊಸದಲ್ಲ. ತಾಯ ಮಡಿಲಲ್ಲಿ ಬಂದ ಭಾಷೆಗೆ ಕಲಿತು ಬಂದವರೆಂಬ ಮೆಚ್ಚುಗೆ ದೊರೆತಾಗ ಸಂತೋಷಪಡಬೇಕೋ ನೋಯಬೇಕೋ ತಿಳಿಯುವುದಿಲ್ಲ. ಆದರೆ ಅಧ್ಯಯನ ಪ್ರವಾಸದ ಬರಹಗಳಲ್ಲಿ ಈ ಗಳಿಗೆ ಕಾಣಿಸುವುದೇ ಅಪರೂಪ. ‘ಪ್ರವಾಸ ಕಥನದಲ್ಲಿ ಬರೆಯುವಂಥದ್ದಲ್ಲ’ ಎಂದು ಅದನ್ನು ಬಿಟ್ಟುಬಿಡಲಾಗುತ್ತದೆ. ಊರಿಗೆ ಬಂದು ಮನೆಯಲ್ಲಿ ಮೊದಲು ಹೇಳುವ ಸಂಗತಿ ಮಾತ್ರ ಅದೇ ಆಗಿರುತ್ತದೆ. ಬಾಯಿ ಹೇಳಿದ್ದನ್ನು ಲೇಖನಿ ಬಿಟ್ಟುಬಿಟ್ಟಿತೆಂದರೆ ಬರಹದ ಜೀವಸ್ಥಾನ ಅಲ್ಲಿಯೇ ಇತ್ತೆಂದು ತಿಳಿಯಬೇಕು.

ಇದನ್ನು ಬರೆಯಹೊರಟವರು ಎರಡು ಕಡೆ ಎಡವುವ ಸಂಭವವಿದೆ. ಒಂದು, ಘಟನೆಯನ್ನು ಅಲ್ಲಿಯೇ ನಿಲ್ಲಿಸಿ 1956ರ ರಾಜ್ಯಗಳ ಪುನರ್ವಿಂಗಡಣೆಯ ಬಗ್ಗೆ ಭಾಷಣ ಆರಂಭಿಸುವುದು. ಆ ಇತಿಹಾಸ ಸತ್ಯವಾದದ್ದು, ಅದಕ್ಕೆ ಬೇರೊಂದು ಲೇಖನವೇ ಬೇಕು. ಚಹಾದ ಲೋಟ ಆರುವ ಮೊದಲು ಅದು ಮುಗಿಯುವುದಿಲ್ಲ. ಇನ್ನೊಂದು, ಅಂಗಡಿಯ ಅಮ್ಮನನ್ನು ತಿಳಿವಳಿಕೆಯಿಲ್ಲದವರೆಂದು ಚಿತ್ರಿಸಿ ತನ್ನ ನೋವಿಗೆ ಸಮಾಧಾನ ಪಡೆಯುವುದು. ಆಕೆಯ ಮೆಚ್ಚುಗೆಯಲ್ಲಿ ಕಪಟವಿರಲಿಲ್ಲ. ಅವರು ಹೇಳಿದ ಮಾತು ಅವರದೇ ನುಡಿಯಲ್ಲಿ, ಅದಕ್ಕೆ ಹುಡುಗಿಯರು ಕೊಟ್ಟ ಉತ್ತರ, ಕೊಡಬೇಕೆಂದುಕೊಂಡು ಕೊಡದೆ ಉಳಿದ ಉತ್ತರ, ಇವಿಷ್ಟನ್ನು ಇದ್ದಂತೆ ಬರೆದರೆ ಉಳಿದದ್ದನ್ನು ಓದುಗರೇ ತುಂಬಿಕೊಳ್ಳುತ್ತಾರೆ. ಆನಂದವರ್ಧನನ ಧ್ವನಿಗೂ ಪ್ರವಾಸಿಯ ದನಿಗೂ ಸಂಬಂಧ ಕೂಡಿಬರುವುದು ಇಂತಹ ಕಡೆಯಲ್ಲಿ.

ಕಾಸರಗೋಡಿಗೆ ಬಂದವರ ಕಣ್ಣು

ಸ್ವಂತ ದನಿಯ ಹಂಬಲಕ್ಕೆ ಒಂದು ಅಪಾಯವೂ ಇದೆ. ಬರಹದ ತುಂಬ ತಾನೇ ತುಂಬಿಕೊಂಡು ಊರು ಹಿನ್ನೆಲೆಯ ಪರದೆಯಾಗಿಬಿಡಬಹುದು. ಇದರ ನೋವನ್ನು ಕಾಸರಗೋಡಿನವರು ಎದುರು ದಿಕ್ಕಿನಿಂದ ಬಲ್ಲರು. ಬೇಕಲದ ಕೋಟೆಗೆ ಬರುವ ಅನೇಕರು ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಹಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ಹಾಡಿನಲ್ಲಿ ಕಂಡ ಬುರುಜಿನ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಕೋಟೆಯನ್ನು ಕೆಳದಿಯ ನಾಯಕರ ಇತಿಹಾಸದೊಡನೆ ಜೋಡಿಸಿ ನೋಡುವವರು ಕಡಿಮೆ. ಕುಂಬಳೆಯ ಬಳಿಯ ಅನಂತಪುರದ ಸರೋವರ ದೇವಾಲಯವನ್ನು ಕುರಿತು ಬಂದ ಬರಹಗಳಲ್ಲಿ ಬಬಿಯಾ ಎಂಬ ಮೊಸಳೆಯೇ ಪುಟಗಳನ್ನು ತುಂಬಿತ್ತು. 2022ರ ಅಕ್ಟೋಬರ್‌ನಲ್ಲಿ ಬಬಿಯಾ ಸತ್ತಾಗ ದೂರದ ಪತ್ರಿಕೆಗಳೂ ಸುದ್ದಿ ಮಾಡಿದವು. ಸುತ್ತಲಿನ ಊರಿನ ಕನ್ನಡ, ತುಳು, ಮಲಯಾಳಗಳ ಒಡನಾಟ ಅಂತಹ ಬರಹಗಳಲ್ಲಿ ಕಾಣಿಸುವುದು ಅಪೂರ್ವ.

ಬಂದವರು ಸಿದ್ಧಚಿತ್ರವನ್ನು ಹೊತ್ತು ತರುವಂತೆ, ಹಂಪಿಗೆ ಹೋಗುವವರೂ ‘ಗತವೈಭವ’ದ ಸಿದ್ಧಚಿತ್ರವನ್ನು ಹೊತ್ತೇ ಹೋಗುತ್ತಾರೆ. ಹಂಪಿಯಲ್ಲಿ ಇಂದು ಬದುಕುವವರು, ತುಂಗಭದ್ರೆಯ ಕಾಲುವೆಯ ಬಾಳೆತೋಟದಲ್ಲಿ ದುಡಿಯುವವರು ಆ ಚಿತ್ರದಲ್ಲಿಲ್ಲ. ತಮ್ಮ ಊರನ್ನು ಇತರರು ಹೇಗೆ ನೋಡಬೇಕೆಂದು ಬಯಸುವರೋ ಹಾಗೆಯೇ ಇತರರ ಊರನ್ನು ನೋಡುವ ಹೊಣೆ ಪ್ರವಾಸ ಕಥನ ಬರೆಯುವವರ ಮೇಲಿದೆ. ತನ್ನ ಅಳತೆಗೋಲನ್ನು ಒಯ್ಯಬೇಕು. ಅದಕ್ಕೆ ನಿಲುಕದ್ದು ಎದುರಾದಾಗ ನಿಲುಕಲಿಲ್ಲವೆಂದು ಒಪ್ಪಿಕೊಳ್ಳಲೂ ಬೇಕು. ತಪ್ಪಾಗಿ ತಿಳಿದದ್ದು, ದಾರಿ ತಪ್ಪಿದ್ದು, ಅರ್ಥವಾಗದೆ ತಲೆಯಾಡಿಸಿದ್ದು, ಇವುಗಳನ್ನು ಅಳಿಸದೆ ಉಳಿಸಿದ ಬರಹವನ್ನು ಓದುಗರು ಹೆಚ್ಚು ನಂಬುತ್ತಾರೆ.

ಕೈಯಲ್ಲೊಂದು ಟಿಪ್ಪಣಿ ಪುಸ್ತಕ

ದನಿ ಎಂಬುದು ಸ್ವಭಾವದಿಂದ ಬರುವುದಾದರೂ ಅದನ್ನು ಕಾಪಾಡಿಕೊಳ್ಳಲು ಕೆಲವು ಅಭ್ಯಾಸಗಳು ನೆರವಾಗುತ್ತವೆ. ಫಲಕದ ಮೇಲಿರುವುದನ್ನು ಸ್ಥಳದಲ್ಲಿ ಬರೆದುಕೊಳ್ಳುವುದರಿಂದ ಪ್ರಯೋಜನವಿಲ್ಲ. ಇಸವಿ, ಅರಸರ ಹೆಸರುಗಳು ಗ್ರಂಥಾಲಯದಲ್ಲಿ ಸಿಗುತ್ತವೆ, ಅಲ್ಲಿ ಅವು ಹೆಚ್ಚು ಸರಿಯಾಗಿಯೂ ಇರುತ್ತವೆ. ಟಿಪ್ಪಣಿ ಪುಸ್ತಕಕ್ಕೆ ಹೋಗಬೇಕಾದುದು ಮತ್ತೆಲ್ಲಿಯೂ ಸಿಗದ ಸಂಗತಿ: ಕಿವಿಗೆ ಬಿದ್ದ ಮಾತು, ಮೂಗಿಗೆ ಬಂದ ವಾಸನೆ, ಕೊಟ್ಟ ಬೆಲೆ, ಬಸ್ಸಿನಲ್ಲಿ ಪಕ್ಕದವರು ಕೇಳಿದ ಪ್ರಶ್ನೆ, ಆ ಗಳಿಗೆಯಲ್ಲಿ ನೆನಪಾದ ಮನೆಯ ವಸ್ತು. ಪುಷ್ಕರಣಿಯ ಕಲ್ಲುಗಳ ಮೇಲೆ ಜೋಡಣೆಗಾಗಿ ಕೆತ್ತಿದ ಗುರುತುಗಳಿವೆ. ಅವುಗಳ ಅರ್ಥವನ್ನು ಪುಸ್ತಕದಿಂದ ತಿಳಿಯಬಹುದು, ಅವುಗಳ ಮೇಲೆ ಬೆರಳಾಡಿಸಿದಾಗ ಏನನ್ನಿಸಿತೆಂಬುದನ್ನು ತಿಳಿಯಲಾಗದು.

ಮೊದಲ ಕರಡನ್ನು ಮರಳಿ ಬಂದ ವಾರದೊಳಗೆ ಬರೆಯುವುದು ಒಳಿತು. ಬಳಿಕ ಅದನ್ನು ಓದುತ್ತ, ಹಂಪಿಗೆ ಹೋಗದವರೂ ಬರೆಯಬಹುದಾಗಿದ್ದ ವಾಕ್ಯಗಳ ಕೆಳಗೆ ಗೆರೆ ಎಳೆಯಬೇಕು. ಆ ವಾಕ್ಯಗಳನ್ನು ತೆಗೆದ ಮೇಲೆ ಅರ್ಧ ಪುಟವಷ್ಟೇ ಉಳಿದರೂ ಚಿಂತೆಯಿಲ್ಲ. ಬರಹ ಆರಂಭವಾಗಬೇಕಾದುದು ಅಲ್ಲಿಂದ.

ಅಧ್ಯಯನ ಪ್ರವಾಸವೆಂಬುದು ಸಾಹಿತ್ಯಕ್ಕೆ ತಕ್ಕ ವಸ್ತುವಲ್ಲವೆಂಬ ಸಂಕೋಚವೂ ಬೇಡ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಗಿಡಮರಗಳನ್ನು ಹುಡುಕಿ ಕಾಡು ಸುತ್ತಿದ ಅನುಭವಗಳೇ ‘ಹಸುರು ಹೊನ್ನು’ ಆದವು. ಅದಕ್ಕೆ ಚಿತ್ರಗಳನ್ನೂ ಅವರೇ ಬರೆದರು. 1978ರಲ್ಲಿ ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕರ್ನಾಟಕದ ಹೊರಗಿನ ಒಂದು ಕಾಲೇಜಿನ ತರಗತಿಯೊಂದು ಕಾಡಿಗೆ ಹೋಗಿಬಂದ ಕಥೆ ಕನ್ನಡದ ಆಸ್ತಿಯಾಯಿತು.

ಗಡಿಯ ಈಚೆಗಿರುವ ಕನ್ನಡ ವಿದ್ಯಾರ್ಥಿಗಳು ಕರ್ನಾಟಕದ ಸ್ಥಳಗಳ ಬಗ್ಗೆ ಬರೆಯುವಾಗ ಅಲ್ಲಿಯವರಂತೆಯೇ ಬರೆಯಬೇಕೆಂದು ಭಾವಿಸುವುದು ಸಹಜ. ಆದರೆ ಅಲ್ಲಿಯವರು ಈಗಾಗಲೇ ಬರೆದಿದ್ದಾರೆ. ಸುರಂಗದ ನೀರು ಕುಡಿದವರು ಕಂಡ ಹಂಪಿ, ಒಂದೇ ಪೇಟೆಯಲ್ಲಿ ಎರಡು ಲಿಪಿಗಳ ಫಲಕ ಓದುತ್ತ ಬೆಳೆದವರು ಕಂಡ ಹಂಪಿ, ಚಹಾದಂಗಡಿಯಲ್ಲಿ ಮೆಚ್ಚುಗೆ ಪಡೆದು ಮೌನವಾದವರು ಕಂಡ ಹಂಪಿ ಇನ್ನೂ ಬರೆಯಲ್ಪಡಬೇಕಾಗಿದೆ. ಕಾಮತರ ಶೀರ್ಷಿಕೆಯ ಆ ದೀರ್ಘವನ್ನು ಎರವಲು ಪಡೆದು ಬದಿಯಡ್ಕದ ಹುಡುಗಿ ‘ನಾನೂ ಹಂಪಿಗೆ ಹೋಗಿದ್ದೆ’ ಎಂದು ಬರೆಯತೊಡಗಿದರೆ, ಅದನ್ನು ಮೊದಲು ಓದಿಸಬೇಕಾದುದು ಸುರಂಗ ತೋಡಿಸಿದ ಅಜ್ಜನಿಗೆ. ದಂಬೆಯ ವಿಷಯದಲ್ಲಿ ಏನಾದರೂ ತಪ್ಪಾಗಿದ್ದರೆ ಅವರು ತಿದ್ದುತ್ತಾರೆ.